ತಿಪ್ಪವ್ವನ ಎಡಗೈ ಮತ್ತು ಜಕ್ಕಲಿಯ ಹಗೇವು

ತಿಪ್ಪವ್ವ ಯಾರನ್ನೂ ನಂಬುತ್ತಿರಲಿಲ್ಲ. ಬೆನ್ನ ಹಿಂದೆ ಆಡುವ ಮಾತಲ್ಲ ಇದು. ಎದುರಿಗೇ ಹೇಳಿ ಎಷ್ಟೋ ಸಲ ಅವಳಿಂದ ಬೈಸಿಕೊಂಡಿದ್ದೇನೆ. ಅಂಗಡಿಯವನು ಉಪ್ಪು ತೂಗಿದರೆ, ತಕ್ಕಡಿಯ ತಳಕ್ಕೆ ಹುಣಸೆಹಣ್ಣು ಮೆತ್ತಿದ್ದಾನೋ ಏನೋ ಎಂದು ಕೈಯಾಡಿಸಿ ನೋಡುವಳು. ಬಸ್ಸಿನಲ್ಲಿ ಪಕ್ಕದವರು ನಕ್ಕು ಮಾತಾಡಿಸಿದರೆ ಗಂಟನ್ನು ತೊಡೆಯ ಮೇಲೆ ಎಳೆದುಕೊಳ್ಳುವಳು. ರಮಜಾನ್ ಹಬ್ಬಕ್ಕೆ ನಾನು ಒಂದು ಬಟ್ಟಲು ಹಾಲು ಶಾವಿಗೆಯ ಸುರಕುಂಬಾ ಕೊಟ್ಟರೆ, ಅದೇ ಪಾತ್ರೆಯಿಂದ ನಾನು ಕುಡಿಯುವುದನ್ನು ಕಣ್ಣಾರೆ ಕಂಡ ಮೇಲೆಯೇ ತುಟಿಗೆ ಹಚ್ಚಿದಳು. ನನಗೆ ಸಿಟ್ಟು ಬಂತು, ಮುಚ್ಚಿಡುವುದೇನು. ಆದರೆ ಸಿಟ್ಟು ಮಾಡಿ ಬಿಟ್ಟುಬಿಡುವಂಥ ಹೆಂಗಸೂ ಅವಳಲ್ಲ. ನನ್ನ ಬಾಣಂತನದಲ್ಲಿ ತಾಯಿಯ ಜಾಗದಲ್ಲಿ ನಿಂತು ನೀರೆರೆದವಳು ಅವಳೇ. ಆಗಲೂ, ಸೂಲಗಿತ್ತಿ ಕೂಸನ್ನು ಬದಲು ಮಾಡಿಯಾಳು ಎಂದು ಬಾಗಿಲು ಬಿಟ್ಟು ಕದಲಲಿಲ್ಲ.

ನಮ್ಮಿಬ್ಬರಿಗೆ ಗುರುತಾದದ್ದು ಪರದೇಶದಲ್ಲಿ. ಆಗ ಗೋವಾ ಇನ್ನೂ ಪೋರ್ಚುಗೀಸರದು. ಕ್ಯಾಸಲ್‌ರಾಕ್ ದಾಟಿದರೆ ಬೇರೆ ದೇಶ, ಬೇರೆ ನಾಣ್ಯ, ಬೇರೆ ಟೊಪ್ಪಿಗೆಯ ಪೊಲೀಸರು. ಸಾವರ್ಡೆಯ ಹತ್ತಿರ ಒಂದು ಕೆಂಪು ಗುಡ್ಡವನ್ನು ಕಡಿದು ಕಬ್ಬಿಣದ ಅದಿರು ತೆಗೆಯುತ್ತಿದ್ದರು. ನಮ್ಮ ರೋಣ ತಾಲೂಕಿನ ಎಷ್ಟೋ ಸಂಸಾರಗಳು ಅಲ್ಲಿ ತಗಡಿನ ಜೋಪಡಿ ಹಾಕಿಕೊಂಡಿದ್ದವು. ನಾನು ನಜ್ಮಾ, ಗಜೇಂದ್ರಗಡದವಳು. ನನ್ನ ಗಂಡ ಟಿಪ್ಪುಸಾಬ ಅದಿರಿನ ಲಾರಿ ಓಡಿಸುತ್ತಿದ್ದ. ಪಕ್ಕದ ಜೋಪಡಿ ತಿಪ್ಪವ್ವನದು. ಅವಳ ಗಂಡ ದುರಗಪ್ಪ ಯಾವಗಲ್ಲಿನವನು, ಗುದ್ದಲಿ ಹಿಡಿದು ಅಗೆಯುವ ಕೆಲಸ. ಇವಳದು ಬುಟ್ಟಿ ಹೊರುವುದು. ಮಗ ಪರಶಪ್ಪ ಲಾರಿಗೆ ತುಂಬುತ್ತಿದ್ದ. ನಾನು ಹೇಳುತ್ತಿರುವುದು ಐವತ್ತನಾಲ್ಕನೆಯ ಇಸವಿಯ ಚಳಿಗಾಲದ ಮಾತು.

ತಿಪ್ಪವ್ವನ ಎಡಗೈ ಸೊಟ್ಟ. ಮೊಣಕೈ ಮತ್ತು ಮಣಿಕಟ್ಟಿನ ನಡುವೆ ಎಲುಬು ಬಾಗಿ, ಒಳಮಗ್ಗುಲಿಗೆ ಒಂದು ಗಟ್ಟಿ ಗಂಟು ಇತ್ತು. ಆ ಕೈಯಿಂದಲೇ ಬುಟ್ಟಿ ಎತ್ತುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು. ಹೊಸಬರು ಯಾರಾದರೂ ಕೈಗೆ ಏನಾಯಿತೆಂದು ಕೇಳಿದರೆ ಬುಟ್ಟಿ ಕೆಳಗಿಟ್ಟು ಪೂರ್ತಿ ಕಥೆ ಹೇಳುವಳು. ನಮಗೆಲ್ಲ ಅದು ಬಾಯಿಪಾಠವಾಗಿತ್ತು.

ಅವಳ ತವರು ಜಕ್ಕಲಿ. ಬಡವರು, ಕಳಕಪ್ಪಗೌಡರ ಮನೆಯಲ್ಲಿ ದುಡಿಯುವವರು. ಗೌಡರ ಮನೆಯ ಮುಂದೆ ಜೋಳದ ಹಗೇವು ಇತ್ತು. ಹಗೇವು ಎಂದರೆ ನೆಲದೊಳಗಿನ ಕಣಜ. ಒಳಗೆ ಕೋಣೆಯಷ್ಟು ಅಗಲ, ಮೇಲೆ ಒಬ್ಬರು ಇಳಿಯುವಷ್ಟೇ ಕಲ್ಲಿನ ಬಾಯಿ. ಸುಗ್ಗಿಯಲ್ಲಿ ಜೋಳ ತುಂಬಿ ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಮಳೆಗಾಲಕ್ಕೆ ತೆಗೆಯುವುದು. ಒಳಗಿಳಿದು ಬುಟ್ಟಿ ತುಂಬಿಕೊಡಲು ಸಣ್ಣ ಮೈಯ ಹುಡುಗಿಯರನ್ನು ಇಳಿಸುತ್ತಿದ್ದರು. ಆ ಸಲ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದ್ದು ಹತ್ತು ವರ್ಷದ ತಿಪ್ಪವ್ವನನ್ನು. ಮೇಲೆ ನಿಂತು ಬುಟ್ಟಿ ಎಳೆದುಕೊಳ್ಳುತ್ತಿದ್ದವಳು ಅವಳ ಅಣ್ಣ ಉಡಚಪ್ಪನ ಹೆಂಡತಿ ಮಾನವ್ವ, ಹಿಂದಿನ ತಿಂಗಳಷ್ಟೇ ಮದುವೆಯಾಗಿ ಬಂದ ಹೊಸ ಸೊಸೆ.

"ಕಾಲು ಊರೂದ್ರಾಗ ತಲಿ ಗಿರ್ ಅಂತು," ಎಂದು ತಿಪ್ಪವ್ವ ಹೇಳುವಳು. "ಬಾಯಿ ಕಡೆ ತಿರುಗಿ ಕೈ ಎತ್ತಿದೆ. ಮ್ಯಾಲಿಂದ ಅಕಿ ಕೈ ಬಂತು. ಮುಂದ ಏನೂ ತಿಳೀಲಿಲ್ಲ. ಎಚ್ಚರಾದಾಗ ಕೈ ಮುರದು ಜೋತಿತ್ತು. ಅಕಿ ಕೈತುಂಬ ನೆತ್ತರ, ಬಳಿ ಎಲ್ಲಾ ಒಡದಿದ್ವು. ಸುಮ್ಮ ಸುಮ್ಮನ ಯಾರ ಬಳಿ ಒಡೀತಾವ? ನನ್ನ ಒಳಗ ನೂಕ್ಯಾಳ, ನಾ ಅಕಿ ಕೈ ಪರಚೇನಿ. ಇವತ್ತಿಗೂ ಅಕಿ ಮಣಿಕಟ್ಟಿನ ಮ್ಯಾಗ ನನ್ನ ಉಗುರಿನ ಕಲಿ ಐತಿ, ಹೋಗಿ ನೋಡ್ರಿ."

ಯಾಕೆ ನೂಕಬೇಕು ಎಂದು ಕೇಳಿದರೆ ಅದಕ್ಕೂ ಉತ್ತರ ತಯಾರು. ಹಿಂದಿನ ದಿನ ಹೊಸ ಸೊಸೆ ಗೋಡೆಯ ಮಾಡದಲ್ಲಿನ ಬೆಲ್ಲ ಕದ್ದು ತಿಂದಳೆಂದು ಇವಳು ತಾಯಿಗೆ ಚಾಡಿ ಹೇಳಿದ್ದಳಂತೆ. ಒಂದು ಚೂರು ಬೆಲ್ಲಕ್ಕೆ ಯಾರಾದರೂ ಕೊಲೆ ಮಾಡುತ್ತಾರೆಯೇ ಎಂದು ನಾನೊಮ್ಮೆ ಕೇಳಿದೆ. ಆವತ್ತಿನಿಂದ ಕೆಲವು ದಿನ ನನ್ನ ಮೇಲೂ ಅವಳಿಗೆ ಅನುಮಾನ ಬಂತು. ಮಾನವ್ವನ ಕಡೆಯವರು ಯಾರಾದರೂ ಗಜೇಂದ್ರಗಡದಲ್ಲಿ ನಮಗೆ ಗುರುತೋ ಎಂದು ವಿಚಾರಿಸಿದಳು.

ಇಪ್ಪತ್ತೈದು ವರ್ಷದ ಮೇಲಾಗಿತ್ತು. ಅಷ್ಟೂ ವರ್ಷ ಅವಳು ಮಾನವ್ವನನ್ನು ಅತ್ತಿಗಿ ಎಂದು ಕರೆದಿರಲಿಲ್ಲ. 'ಅಕಿ' ಎಂದರೆ ಮಾನವ್ವ. ತವರಿಗೆ ಹೋಗುವಾಗ ತನ್ನ ರೊಟ್ಟಿಯ ಗಂಟು ತಾನೇ ಒಯ್ಯುವಳು. ಆ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ. ನಮ್ಮ ಕಡೆ ಅನ್ನದಲ್ಲಿ ಮದ್ದು ಹಾಕಿ ಆಗದವರನ್ನು ಸೊರಗಿಸುತ್ತಾರೆಂಬ ಹೆದರಿಕೆ ಎಲ್ಲರಿಗೂ ಇದೆ. ತಿಪ್ಪವ್ವನಿಗೆ ಸ್ವಲ್ಪ ಹೆಚ್ಚು. ಒಮ್ಮೆ ಮಾನವ್ವ ಅವಳ ಮುಂದೆ ತಾಟಿಟ್ಟು, ಅದರಿಂದಲೇ ಒಂದು ತುಂಡು ಮುರಿದು ತಾನು ಮೊದಲು ತಿಂದು ತೋರಿಸಿದಳಂತೆ. ತಿಪ್ಪವ್ವ ಆಗಲೂ ಮುಟ್ಟಲಿಲ್ಲ. ಮಾನವ್ವ ಮದ್ದು ಮುರಿಯುವ ಬೇರನ್ನು ಮೊದಲೇ ತಿಂದು ಬಂದಿದ್ದಾಳೆ ಎಂದಳು. ಇಂಥವಳ ಮುಂದೆ ಯಾರು ಏನು ಸಾಬೀತು ಮಾಡಿಯಾರು?

ಇಷ್ಟೇ ಆಗಿದ್ದರೆ ಇದು ನಾದಿನಿ ಅತ್ತಿಗೆಯರ ಜಗಳ ಎಂದು ಬಿಡಬಹುದಿತ್ತು. ಆದರೆ ಮಾನವ್ವನಿಗೆ ಒಬ್ಬ ಮಗಳಿದ್ದಳು, ಕರಿಯವ್ವ. ನಮ್ಮ ಸೀಮೆಯಲ್ಲಿ ಅಣ್ಣನ ಮಗಳ ಮೇಲೆ ತಂಗಿಯ ಮಗನಿಗೆ ಮೊದಲ ಹಕ್ಕು. ಸೋದರತ್ತೆ ಬೇಡ ಎಂದ ಹೆಣ್ಣನ್ನು ಹೊರಗಿನವರು ಕೇಳಲು ಹಿಂದೆ ಮುಂದೆ ನೋಡುತ್ತಾರೆ. ಉಡಚಪ್ಪ ಊರಿನವರ ಕೈಯಲ್ಲಿ ಗೋವಾಕ್ಕೆ ಹೇಳಿ ಕಳಿಸಿದ, ಪರಶಪ್ಪನಿಗೆ ಹೆಣ್ಣು ತಗೊಳ್ಳೆಂದು. ತಿಪ್ಪವ್ವ ಹೇಳಿ ಕಳಿಸಿದ ಉತ್ತರ ನನಗೆ ಚೆನ್ನಾಗಿ ನೆನಪಿದೆ. "ನನ್ನ ಮುಗಸಾಕ ಆಗಲಿಲ್ಲಂತ ಈಗ ಮಗಳನ್ನ ಕಳಸ್ತಾಳೇನು? ನನ್ನ ಮಗಂದು ಜೀವ ಹಗುರಿಲ್ಲಂತ ಹೇಳು." ಹಗೇವಿಗೆ ನೂಕಿದವಳ ಮಗಳೆಂಬ ಹೆಸರು ಸವಡಿ, ಯಾವಗಲ್ಲು ಊರುಗಳವರೆಗೂ ಹಬ್ಬಿತ್ತು. ಕೇಳಿಕೊಂಡು ಬಂದವರಲ್ಲಿ ಉಳಿದವನು ನರಗುಂದದ ಒಬ್ಬ ಮುದುಕ. ಇಬ್ಬರು ಹೆಂಡಿರನ್ನು ಕಳಕೊಂಡವನು. ಬನಶಂಕರಿ ಹುಣ್ಣಿಮೆ ಕಳೆದ ಮೇಲೆ ಎಲೆ ಅಡಿಕೆ ಕೊಟ್ಟು ಸಂಬಂಧ ಗೊತ್ತು ಮಾಡುವರೆಂದು ಸುದ್ದಿ ಬಂತು. ಪರಶಪ್ಪ ಎರಡು ದಿನ ಊಟ ಬಿಟ್ಟ. ಅವನಿಗೆ ಆ ಹುಡುಗಿಯ ಮೇಲೆ ಮನಸ್ಸಿತ್ತು, ಅವ್ವನ ಮುಂದೆ ಬಾಯಿರಲಿಲ್ಲ.

ಹೀಗಿರುವಾಗ ತಿಪ್ಪವ್ವನ ಕೈ ಬಾತುಕೊಂಡಿತು. ಗಂಟಿದ್ದ ಜಾಗ ಕೆಂಪಗಾಗಿ, ಮುಟ್ಟಿದರೆ ಸುಡುತ್ತಿತ್ತು.

"ಏನಕ್ಕಾ ಇದು? ಕೀವಾಗಿದ್ದಂಗ ಕಾಣತೈತಿ," ಎಂದೆ.

"ಅಕಿ ಇಟ್ಟದ್ದು ಈಗ ಎದ್ದೈತಿ," ಎಂದಳು. "ಮದಿವಿ ಒಲ್ಲೆ ಅಂದ್ನೆಲ್ಲಾ, ಅದಕ್ಕ."

ಗಣಿಯ ಕಂಪೌಂಡರ್ ನೋಡಿ, ಪೇಟೆಯ ದೊಡ್ಡ ದವಾಖಾನೆಗೆ ಹೋಗಿ ಎಲುಬಿನ ಫೋಟೋ ತೆಗೆಸಬೇಕೆಂದ. ಇಲ್ಲವಾದರೆ ಕೈ ಹೋಗುತ್ತದೆ, ಕೈಯಿಲ್ಲದವಳಿಗೆ ಗಣಿಯಲ್ಲಿ ಕೆಲಸವೂ ಇಲ್ಲ. ಜೋಪಡಿಗಳಲ್ಲಿ ಅದರ ಬಗ್ಗೆ ತಲೆಗೊಂದು ಮಾತು. ಆ ಯಂತ್ರ ಎಲುಬಿನೊಳಗಿನ ಸಾರ ಹೀರುತ್ತದಂತೆ, ಫೋಟೋವನ್ನು ಹಡಗಿನಲ್ಲಿ ಪರಂಗಿ ರಾಜ್ಯಕ್ಕೆ ಕಳಿಸುತ್ತಾರಂತೆ. ತಿಪ್ಪವ್ವ ಅಷ್ಟನ್ನೂ ಕೇಳಿಸಿಕೊಂಡಳು, ಅಷ್ಟನ್ನೂ ನಂಬಿದಳು. ನಂಬಿಕೆಯೇ ಇಲ್ಲದವರು ಇಂಥದ್ದನ್ನು ಮಾತ್ರ ಹೇಗೆ ನಂಬುತ್ತಾರೋ ನನಗೆ ಇನ್ನೂ ತಿಳಿದಿಲ್ಲ. ಕೊನೆಗೆ ಜ್ವರ ಏರಿದ್ದರಿಂದ ದುರಗಪ್ಪ ಬಲವಂತ ಮಾಡಿ ಹೊರಡಿಸಿದ. ಕೊಂಕಣಿ ಬರುತ್ತದೆಂದು ನಾನೂ ಹೋದೆ.

ಫೋಟೋದ ಕೋಣೆಯಲ್ಲಿ ಮೊದಲ ತಕರಾರು ಬಳೆಯದು. ಎಡಗೈಯ ಗಾಜಿನ ಬಳೆ ತೆಗೆಯಬೇಕೆಂದರು.

"ಗಂಡ ಹೊರಗ ಜೀವಂತ ಕುಂತಾನ," ಎಂದಳು ತಿಪ್ಪವ್ವ. "ನಾ ಯಾಕ ಬರಿಗೈ ಆಗ್ಲಿ? ಇವರಿಗೆ ನನ್ನ ಗಂಡ ಏನು ಮಾಡ್ಯಾನಂತ ಕೇಳು."

ನಾನು ಬಳೆಗಳನ್ನು ಒಂದೊಂದಾಗಿ ಜಾರಿಸಿ ಅವಳ ಬಲಗೈಗೆ ಹಾಕಿದೆ. ಎಡ ಮಣಿಕಟ್ಟಿಗೆ ಅವಳ ಸೀರೆಯ ಅಂಚಿನ ಎಳೆ ಕಿತ್ತು ಕಟ್ಟಿದೆ. ಆಗ ಒಪ್ಪಿದಳು. ಯಂತ್ರ ಗುಂಯ್ ಎಂದಾಗ ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಏನಾದರೂ ಮಾಡಿಯಾರು ಎಂಬ ಅನುಮಾನ.

ಡಾಕ್ಟರು ವಯಸ್ಸಾದವರು, ಕೊಂಕಣಿಗರು, ಮೆತ್ತಗೆ ಮಾತಾಡುವವರು. ಕಪ್ಪು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಿಳಿ ಎಲುಬು ಕಂಡಿತು. ತಿಪ್ಪವ್ವ ಒಂದು ಹೆಜ್ಜೆ ಹಿಂದೆ ಸರಿದಳು.

"ಇದು ಸತ್ತವರ ಕೈ. ಯಾರದೋ ತಂದು ನಂದು ಅಂತ ತೋರಸಾಕತ್ಯಾರ."

ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. ಅವಳ ಕೈಯನ್ನು ಫೋಟೋದ ಪಕ್ಕಕ್ಕೆ ಹಿಡಿಸಿದರು. ಎರಡರ ಸೊಟ್ಟವೂ ಒಂದೇ. ತಿಪ್ಪವ್ವ ಬಹಳ ಹೊತ್ತು ಅದನ್ನೂ ಇದನ್ನೂ ನೋಡಿದಳು. ಆಮೇಲೆ ಬೆರಳಿಟ್ಟು ತೋರಿಸಿದಳು. ಎಲುಬಿನ ಮಗ್ಗುಲಲ್ಲಿ, ಗಂಟಿದ್ದ ಜಾಗದಲ್ಲೇ, ಉಗುರಿನಷ್ಟು ಉದ್ದದ, ಸ್ವಲ್ಪ ಬಾಗಿದ ಒಂದು ಬಿಳಿ ಗೆರೆ ಇತ್ತು. ಅದು ಎಲುಬಲ್ಲ.

ಡಾಕ್ಟರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಆ ವರ್ಷ ಗಡಿಯಲ್ಲಿ ಗೋವಾ ಬಿಡುಗಡೆಗೆ ನಿಂತ ಸತ್ಯಾಗ್ರಹಿಗಳ ಗದ್ದಲ ಜೋರಾಗಿತ್ತು, ಹಿಂದೂಸ್ತಾನದಿಂದ ಬಂದವರ ಮೇಲೆ ಎಲ್ಲರ ಕಣ್ಣು. ಈ ಹೆಂಗಸು ಎಂದಾದರೂ ಗುಂಡು ಗಿಂಡು ತಿಂದದ್ದುಂಟೇ ಎಂದು ನನ್ನನ್ನು ಕೇಳಿದರು. ಊರನ್ನೆಲ್ಲ ಸಂಶಯದಿಂದ ನೋಡುವವಳ ಮೇಲೆ ಮೊದಲ ಸಲ ಬೇರೆಯವರಿಗೆ ಸಂಶಯ ಬಂದಿತ್ತು. ನನಗೆ ನಗು ತಡೆಯಲಾಗಲಿಲ್ಲ. ಹಗೇವಿನ ಕಥೆ ಹೇಳಿದೆ. ಅವರು ತಲೆಯಾಡಿಸಿ, ಏನೇ ಇರಲಿ, ಕೊಯ್ದು ತೆಗೆಯಬೇಕು, ಎಲುಬು ಮಾತ್ರ ಇನ್ನು ನೆಟ್ಟಗಾಗುವುದಿಲ್ಲ ಎಂದರು.

ಕತ್ತಿ ಎಂದರೆ ಎದ್ದು ಓಡುತ್ತಾಳೆಂದು ನಾವು ತಿಳಿದಿದ್ದೆವು. ತಿಪ್ಪವ್ವನ ಮುಖ ಅರಳಿತು.

"ಕೊಯ್ಯಾಕ ಹೇಳು. ಇವತ್ತ ಕೊಯ್ಲಿ. ಅಕಿ ಮಾಟದ ಸೂಜಿ ಚುಚ್ಚಿ ಇಟ್ಟಾಳ ನನ್ನ ಕೈಯಾಗ. ಇಷ್ಟು ವರ್ಷ ನನ್ನ ಮಾತಿಗೆ ಸಾಕ್ಷಿ ಎಲ್ಲಿ ಅಂತ ಕೇಳ್ತಿದ್ರಿ. ಸಾಕ್ಷಿ ಒಳಗಿತ್ತು."

ಕೈ ಉಳಿಯಲಿ ಎಂದಲ್ಲ, ಸಾಕ್ಷಿ ಸಿಗಲಿ ಎಂದು ಕೊಯ್ಯಿಸಿಕೊಂಡವಳು ನನಗೆ ಗೊತ್ತಿದ್ದಂತೆ ಇವಳೊಬ್ಬಳೇ. ಪೂರ್ತಿ ನಿದ್ದೆಯ ಔಷಧ ಬೇಡವೆಂದಳು. ಹಿಂದೊಮ್ಮೆ ಎಚ್ಚರ ತಪ್ಪಿದ್ದಕ್ಕೇ ಇಷ್ಟೆಲ್ಲ ಆಯಿತಂತೆ. ಕೈ ಮರಗಟ್ಟಿಸುವ ಸೂಜಿಯನ್ನಷ್ಟೇ ಹಾಕಿದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿರಬೇಕು, ತೆಗೆದ ವಸ್ತುವನ್ನು ಯಾರೂ ಬದಲಿಸಬಾರದು, ಇದು ಅವಳ ಕರಾರು. ಡಾಕ್ಟರು ಅದಕ್ಕೂ ಹೂಂ ಎಂದರು. ಒಳ್ಳೆಯ ಮನುಷ್ಯ.

ಕೀವು ಹರಿಯಿತು. ಆಮೇಲೆ ಚಿಮಟದಲ್ಲಿ ಏನೋ ಹಿಡಿದು ನೀರಿನಲ್ಲಿ ಅದ್ದಿ ಬಿಳಿ ತಟ್ಟೆಯಲ್ಲಿಟ್ಟರು. ಸೂಜಿಯಲ್ಲ. ಹಸಿರು ಗಾಜಿನ ಬಳೆಯ ಚೂರು. ಒಂದು ಕಡೆ ಬಂಗಾರದ ಬಣ್ಣದ ಚುಕ್ಕಿ ಇನ್ನೂ ಹಾಗೇ ಇತ್ತು.

ತಿಪ್ಪವ್ವ ನನ್ನ ಕಡೆ ನೋಡಿದಳು. "ಬದಲ ಮಾಡಿದ್ರೇನು?"

"ಇಲ್ಲಕ್ಕಾ. ನಿನ್ನ ಕೈಯಾಗಿಂದನ ಬಂತು. ನನ್ನ ಮಗನ ಆಣಿ."

ದವಾಖಾನೆಯಲ್ಲಿ ಇದ್ದಷ್ಟು ದಿನ ಅವಳು ಆ ಚೂರನ್ನು ಸೆರಗಿನ ಗಂಟಿನಲ್ಲಿ ಇಟ್ಟುಕೊಂಡು, ಬಿಚ್ಚಿ ಬಿಚ್ಚಿ ನೋಡುತ್ತಿದ್ದಳು. ಅವಳದಂತೂ ಅಲ್ಲ. ಮರ ಹತ್ತಿ ಬಳೆ ಒಡೆದುಕೊಳ್ಳುವ ಹುಡುಗಿಗೆ ಗಾಜು ಯಾಕೆಂದು ತಾಯಿ ಅವಳಿಗೆ ಹಿತ್ತಾಳೆಯ ಕಡಗ ಹಾಕಿದ್ದಳು. ಚುಕ್ಕಿಯ ಹಸಿರು ಬಳೆ ಎಂದರೆ ಮದುವೆಯ ಬಳೆ. ಅಂದು ಹಗೇವಿನ ಬಾಯಿಯ ಬಳಿ ಮದುವೆಯ ಬಳೆ ಇದ್ದದ್ದು ಒಬ್ಬಳ ಕೈಯಲ್ಲಿ ಮಾತ್ರ. ಇಷ್ಟು ಹೊಳೆದ ಮೇಲೆ ತಿಪ್ಪವ್ವನಿಗೆ ಮತ್ತೆ ಉಮೇದು ಬಂತು. "ಎಷ್ಟು ಜೋರಲೆ ನೂಕಿರಬೇಕು ನೋಡು, ಬಳಿ ಮುರದು ಎಲುಬಿಗೆ ಹೊಕ್ಕೈತಿ," ಎಂದಳು. ಊರಿಗೆ ಹೋಗಿ ಇದನ್ನು ಚಾವಡಿಯ ಕಟ್ಟೆಯ ಮೇಲೆ ನಾಲ್ಕು ಜನರ ಮುಂದಿಡುತ್ತೇನೆ, ಅಣ್ಣನ ಕಣ್ಣೂ ತೆರೆಯಲಿ ಎಂದಳು. ಅವಳೊಡನೆ ವಾದಿಸಿ ಗೆದ್ದವರಿಲ್ಲ.

ಬಿಡುಗಡೆಯ ದಿನ ಟಿಪ್ಪುಸಾಬ ಖಾಲಿ ಲಾರಿ ತಂದಿದ್ದ. ಮುಂದಿನ ಕೂಡುವ ಜಾಗ ಎತ್ತರ. ನಾನು ಮೊದಲು ಹತ್ತಿದೆ. ತಿಪ್ಪವ್ವನ ಎಡಗೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿತ್ತು. ಬಲಗೈ ಮೇಲೆ ಚಾಚಿದಳು. ಬೆರಳು ಹಿಡಿದರೆ ಜಾರೀತೆಂದು ನಾನು ಬಗ್ಗಿ ಅವಳ ಮೊಣಕೈ ಕೆಳಗೆ ಗಟ್ಟಿಯಾಗಿ ಹಿಡಿದು ಎಳೆದೆ. ಭಾರಕ್ಕೆ ನನ್ನ ಬಳೆಗಳು ಅವಳ ಮುಂಗೈಗೆ ಒತ್ತಿ, ಒಂದು ಪಟ್ ಎಂದು ಒಡೆಯಿತು.

ಅವಳು ಹತ್ತಿದಳು, ಆದರೆ ಕೂಡಲಿಲ್ಲ. ತನ್ನ ಬಲ ಮುಂಗೈಯ ಒಳಮಗ್ಗುಲು ನೋಡಿಕೊಂಡಳು. ಅಲ್ಲಿ ಬಳೆಯ ಕೆಂಪು ಗುರುತು ಎದ್ದಿತ್ತು. ಎಡಗೈಯ ಪಟ್ಟಿ ಇದ್ದ ಜಾಗಕ್ಕೂ ಇದಕ್ಕೂ ಬೆರಳಿಟ್ಟು ಅಳೆದಳು. ಆಮೇಲೆ ಕೆಳಗಿಳಿದುಬಿಟ್ಟಳು.

"ಇನ್ನೊಮ್ಮಿ ಹಿಡಿ," ಎಂದಳು.

ಹಿಡಿದು ಎತ್ತಿದೆ. ಅದೇ ಜಾಗ.

"ಈಗ ನೂಕು."

"ಅಕ್ಕಾ, ಬಿದ್ದಗಿದ್ದಿ."

"ನೂಕು ಅಂದೆ."

ಭುಜದ ಮೇಲೆ ಅಂಗೈ ಇಟ್ಟು ಮೆಲ್ಲಗೆ ನೂಕಿದೆ. ನನ್ನ ಬಳೆ ಅವಳ ಮುಂಗೈಯ ಹತ್ತಿರವೂ ಸುಳಿಯಲಿಲ್ಲ. ಎದೆಯ ಮೇಲೆ ಕೈಯಿಟ್ಟು ನೂಕಲು ಹೇಳಿದಳು. ಆಗಲೂ ಇಲ್ಲ. ಟಿಪ್ಪುಸಾಬ ಹಾರ್ನ್ ಹೊಡೆದು, ಏನು ಆಟ ಹಚ್ಚೀರಿ ಎಂದ. ತಿಪ್ಪವ್ವ ಹತ್ತಿ ಕೂತಳು. ಗಣಿ ಮುಟ್ಟುವವರೆಗೆ ಆ ಕೆಂಪು ಗುರುತನ್ನೇ ತಡವಿ ನೋಡಿಕೊಳ್ಳುತ್ತಿದ್ದಳು.

ಮರುವಾರ ನಾನು ತವರಿಗೆ ಹೊರಟಿದ್ದೆ. ಅವಳೂ ಗಂಟು ಕಟ್ಟಿದಳು. "ನೀನೂ ಜಕ್ಕಲಿಗೆ ಬಾ. ಒಬ್ಬರು ಸಾಕ್ಷಿ ಇರ್ಲಿ," ಎಂದಳು. ಯಾರ ವಿರುದ್ಧ ಸಾಕ್ಷಿ ಎಂದು ನಾನು ಕೇಳಲಿಲ್ಲ. ಗಡಿಯ ಕೊಳೆಂ ಸ್ಟೇಶನ್ನಿನಲ್ಲಿ ಪೊಲೀಸರು ಗಂಟು ಬಿಚ್ಚಿಸಿ ನೋಡಿದರು. ಗಾಜಿನ ಚೂರು ಕಂಡು ಒಬ್ಬ ನಕ್ಕ. ತಿಪ್ಪವ್ವ ಅದನ್ನು ಅವನ ಅಂಗೈಯಿಂದ ಕಸಿದುಕೊಂಡಳು. ಹುಬ್ಬಳ್ಳಿ, ಗದಗು ದಾಟಿ ಬಸ್ಸಿನಲ್ಲಿ ನರೇಗಲ್ಲಿನಲ್ಲಿ ಇಳಿದು ಅಲ್ಲಿಂದ ನಡೆದೆವು. ಕಡಲೆ ಹೊಲದ ಬದುವಿನಲ್ಲಿ ನಡೆಯುವಾಗ ಮೂರು ಸಲ ನಿಂತಳು. ಅವಳಿಗೆ ದಣಿವಾಗಿರಲಿಲ್ಲ. ಒಮ್ಮೆ ಮಾತ್ರ, "ಅಕಿ ಹೊಟ್ಟಿಯೊಳಗ ಬ್ಯಾರೇನರ ಇದ್ರ?" ಎಂದಳು. ಚಟ ಅಷ್ಟು ಬೇಗ ಹೋಗುವುದುಂಟೇ.

ಉಡಚಪ್ಪ ಅಂಗಳದಲ್ಲಿ ದನಗಳಿಗೆ ಮೇವು ಹಾಕುತ್ತಿದ್ದ. ತಂಗಿಯ ಕೈಪಟ್ಟಿ ನೋಡಿ ಗಾಬರಿಯಾದ. ನರಗುಂದದವರು ಅಂದೇ ಮಧ್ಯಾಹ್ನ ಬರುವವರಿದ್ದರು, ಎಲೆ ಅಡಿಕೆಗೆ. ಹಾಸಲು ಜಮಖಾನೆ ಹೊರಗೆ ತಂದಿಟ್ಟಿತ್ತು. ಕರಿಯವ್ವ ತಲೆಗೆ ಎಣ್ಣೆ ಹಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದಳು, ಅತ್ತೂ ಅತ್ತೂ ಮುಖ ಬಾತಿತ್ತು. ತಿಪ್ಪವ್ವ ಯಾರಿಗೂ ಉತ್ತರ ಕೊಡದೆ ಸೀದಾ ಅಡಿಗೆಮನೆಗೆ ಹೋದಳು. ಇಪ್ಪತ್ತೈದು ವರ್ಷದಲ್ಲಿ ಆ ಅಡಿಗೆಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು.

ಮಾನವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತೆಳ್ಳಗಿನ ಹೆಂಗಸು, ತಲೆ ಆಗಲೇ ನರೆತಿತ್ತು. ತಿಪ್ಪವ್ವ ಸೆರಗಿನ ಗಂಟು ಬಿಚ್ಚಿ ಚೂರನ್ನು ಹಿಟ್ಟು ನಾದುವ ಕೊಣಮಿಗೆಯ ಪಕ್ಕದಲ್ಲಿ ಇಟ್ಟಳು. ಮಾನವ್ವ ಹಿಟ್ಟಿನ ಕೈಯಲ್ಲೇ ಅದನ್ನು ಎತ್ತಿಕೊಂಡಳು.

"ಇದು ನನ್ನ ಮದಿವಿ ಬಳಿ," ಎಂದಳು. "ಎಲ್ಲಿತ್ತು?"

"ನನ್ನ ಕೈಯಾಗ."

ಆಮೇಲೆ ತಿಪ್ಪವ್ವ ಕೇಳಿದಳು, "ನೀ ನನ್ನ ಎಳದ್ಯೋ, ನೂಕಿದ್ಯೋ?"

"ಇದನ್ನ ಕೇಳಾಕ ಇಷ್ಟು ವರ್ಷ ಬೇಕಾತೇನ ತಿಪ್ಪವ್ವ?" ಮಾನವ್ವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಯಾರಾರ ಕೇಳಿದ್ರೇನು ಆಗ? ಹಗೇವು ತಗದ ಮ್ಯಾಲ ಒಳಗಿನ ಕೆಟ್ಟ ಗಾಳಿ ಹೋಗಾಕ ಬಿಡಬೇಕು, ದೀಪ ಇಳಿಸಿ ನೋಡಬೇಕು. ದೀಪ ಆರಿದ್ರ ಮನಷ್ಯಾರನ್ನ ಇಳಸಬಾರದು. ನಮ್ಮ ತವರಾಗೂ ಹಗೇವು ಐತಿ, ನನಗ ಗೊತ್ತು. ಗೌಡ್ರು ದೀಪನ ಇಳಸಲಿಲ್ಲ. ಪ್ಯಾಟಿ ಚಕ್ಕಡಿ ನಿಂತಿತ್ತು, ಗಡಿಬಿಡಿ. ನಾ ಬ್ಯಾಡ್ರಿ ಅಂದೆ. ಹೊಸಾ ಸೊಸಿ ಮಾತು ಯಾರು ಕೇಳ್ತಾರ? ನೀ ಇಳದಾಕಿನ ಕುಸದಿ. ಹಗ್ಗ ಹಿಡದಾಂವ ಚಕ್ಕಡಿ ಕಡೆ ನೋಡತಿದ್ದ. ನಾ ಬೋರಲ ಬಿದ್ದು ಕೈ ಹಾಕಿದೆ. ಹಗೇವು ತುಂಬ ಜ್ವಾಳಿತ್ತು, ಕೈಗೆ ಸಿಕ್ಕಿ. ಎಳಿಯೂದ್ರಾಗ ಬಾಯಿ ಕಲ್ಲಿಗೆ ಸಿಕ್ಕು ನಿನ್ನ ಕೈ ಲಟಕ್ ಅಂತು."

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು.

"ನಿನ್ನ ಕೈ ಮುರದಾಕಿ ನಾನ, ಅದು ಖರೇ. ಬಿಟ್ಟಿದ್ರ ಕೈ ಉಳೀತಿತ್ತು. ನೀ ಉಳೀತಿದ್ದಿಲ್ಲ."

ನನ್ನ ಕಣ್ಣು ತುಂಬಿ ಬಂತು, ಹೇಳಲು ನಾಚಿಕೆಯಿಲ್ಲ. ಅದರ ಜೊತೆಗೇ ಮೈ ಉರಿಯಿತು. ಜಗತ್ತಿನ ಮೇಲೆಲ್ಲ ಅನುಮಾನಪಟ್ಟ ತಿಪ್ಪವ್ವ ಕಳಕಪ್ಪಗೌಡರ ಹೆಸರನ್ನು ಮಾತ್ರ ಇಪ್ಪತ್ತೈದು ವರ್ಷ ಮರ್ಯಾದೆಯಿಂದಲೇ ಹೇಳುತ್ತ ಬಂದಿದ್ದಳು. ಕೈ ಮುರಿದ ಹುಡುಗಿಗೆ ಅವರು ಅಚ್ಚು ಬೆಲ್ಲ ಕಳಿಸಿದ್ದರಂತೆ.

ತಿಪ್ಪವ್ವ ಗೋಡೆಗೆ ಒರಗಿ ಕೂತಳು. ಕೊನೆಗೆ, "ಕರಿಯವ್ವನ್ನ ನಮ್ಮ ಪರಶ್ಯಾಗ ಕೊಡು," ಎಂದಳು.

ಮಾನವ್ವ ತಿರುಗಿ ನೋಡಿದಳು. "ಕೊಟ್ಟು? ನಾಳಿ ಅಕಿ ಸಾರಿಗೆ ಉಪ್ಪು ಹೆಚ್ಚು ಹಾಕಿದ್ರ ಮದ್ದು ಹಾಕ್ಯಾಳ ಅಂತಿ. ಕೂಸು ಅತ್ರ ಚೂಟ್ಯಾಳ ಅಂತಿ. ನಾ ಹ್ಯಾಂಗೋ ತಡಕೊಂಡೆ. ನನ್ನ ಮಗಳು ಯಾಕ ತಡಕೋಬೇಕು? ಆ ನರಗುಂದದ ಮುದುಕ ಮುದುಕನಾದ್ರೂ ಅಕಿ ಮಾಡಿದ ಅಡಗಿ ಮೂಸಿ ನೋಡೂದಿಲ್ಲ."

ತಿಪ್ಪವ್ವನ ಮೇಲೇ ಈಗ ಅನುಮಾನ ಬಂದಿತ್ತು, ಅದಕ್ಕೆ ಕಾರಣವೂ ಇತ್ತು, ಮತ್ತು ಅದನ್ನು ಕಳೆಯಲು ಅವಳ ಬಳಿ ಯಾವ ಸಾಕ್ಷಿಯೂ ಇರಲಿಲ್ಲ. ಹೊರಗೆ ಚಕ್ಕಡಿಯ ಗೆಜ್ಜೆಯ ಸದ್ದು ಕೇಳಿಸಿತು. ಕರಿಯವ್ವ ಮೂಲೆಯಲ್ಲಿ ಬಿಕ್ಕಿದಳು.

"ಅತ್ತಿಗಿ," ಎಂದಳು ತಿಪ್ಪವ್ವ. ಆ ಹೆಸರಿಗೆ ಮಾನವ್ವನ ಕೈ ಹಿಟ್ಟಿನಲ್ಲೇ ನಿಂತಿತು. "ನಸುಕಿನ್ಯಾಗಿಂದ ಏನೂ ತಿಂದಿಲ್ಲ. ಒಂದು ರೊಟ್ಟಿ ಹಾಕು."

ಮಾನವ್ವ ತಾಟಿನಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಇಟ್ಟು ಮುಂದೆ ಸರಿಸಿದಳು. ಸರಿಸಿದವಳು, ಯಾವ ಕಾಲದ ರೂಢಿಯೋ, ತಾನೇ ಬಗ್ಗಿ ಅದೇ ರೊಟ್ಟಿಯ ಅಂಚು ಮುರಿಯಲು ಕೈ ಚಾಚಿದಳು, ಮೊದಲು ತಾನು ತಿಂದು ತೋರಿಸಲು.

ತಿಪ್ಪವ್ವ ಕೊರಳ ಬಟ್ಟೆಯಿಂದ ಸೊಟ್ಟ ಎಡಗೈ ಹೊರಗೆಳೆದು ಆ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಪಟ್ಟಿಯ ಮೇಲೆ ರಕ್ತ ಜಿನುಗಿತು, ಬಿಡಲಿಲ್ಲ. ಉಗುರಿನ ಕಲೆ ಎಂದು ಅವಳು ಊರಿಗೆಲ್ಲ ಹೇಳಿಕೊಂಡು ಬಂದ ಆ ಉದ್ದನೆಯ ಗಾಜಿನ ಗಾಯದ ಗುರುತು ಅವಳ ಅಂಗೈಯೊಳಗಿತ್ತು.

"ಬ್ಯಾಡ," ಎಂದಳು. "ನಾ ಮೊದಲ ತಿಂತೀನಿ."

ಬಲಗೈಯಿಂದ ರೊಟ್ಟಿ ಮುರಿದು ತಿಂದಳು. ಮೂಸಿ ನೋಡಲಿಲ್ಲ. ಅಳುತ್ತ ತಿಂದದ್ದಕ್ಕೆ ಗಂಟಲಿಗೆ ಸಿಕ್ಕಿ ಕೆಮ್ಮಿದಳು, ಮಾನವ್ವ ಚರಿಗೆಯ ನೀರು ಕೊಟ್ಟಳು, ಅದನ್ನೂ ಕುಡಿದಳು.

ಉಡಚಪ್ಪ ಬಾಗಿಲಿಗೆ ಬಂದ. "ನರಗುಂದದವರು ಇಳ್ಯಾಕತ್ಯಾರ. ಅವರಿಗೆ ಏನು ಹೇಳ್ಲಿ?"

ಮಾನವ್ವ ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡು ಬಡಿಯತೊಡಗಿದಳು.

"ಉಂಡು ಹೋಗ್ರಿ ಅಂತ ಹೇಳ್ರಿ," ಎಂದಳು. "ಹೆಣ್ಣು ಸೋದರತ್ತಿ ಮನಿಗೆ ಕೊಟ್ಟೈತಿ."